ಬ್ಯಾಟರಿಯಿಂದ ನೌಕೆ ನಡೆಯುವ ಬಗೆ

ಹಾನಗಲ್ಲು, ಶಿಗ್ಗಾಂವಿ, ಸವಣೂರು, ಹಿರೇಕೆರೂರು ತಾಲ್ಲೂಕುಗಳಿಗೆ ಕಡಲಿನ ನಂಟಿಲ್ಲ. ಆದರೂ ಬಿಸಿಲಿನ ಬಲದಿಂದ ನೀರೆತ್ತುವ ಪಂಪುಸೆಟ್ಟನ್ನು ಹೊಲದಲ್ಲಿ ಕಂಡ ವಿದ್ಯಾರ್ಥಿಯು ವಿದ್ಯುತ್ ನೌಕೆಯ ಮುಖ್ಯಾಂಗವೊಂದನ್ನು ಆಗಲೇ ಕಂಡಂತಾಯಿತು. ಸೌರಫಲಕವು ಕೊಡುವುದು ಏಕಮುಖ ಪ್ರವಾಹ. ಪಂಪಿನ ಮೋಟಾರಿಗೆ ಸಾಮಾನ್ಯವಾಗಿ ಬೇಕಾದುದು ಪರ್ಯಾಯ ಪ್ರವಾಹ. ಇವೆರಡರ ನಡುವೆ ಇರುವ ಪೆಟ್ಟಿಗೆಯೇ ಪರಿವರ್ತಕ. ನೌಕೆಯಲ್ಲಿ ಬ್ಯಾಟರಿಗೂ ಪ್ರೊಪೆಲ್ಲರನ್ನು ತಿರುಗಿಸುವ ಮೋಟಾರಿಗೂ ನಡುವೆ ನಿಲ್ಲುವುದು ಇದರ ಹಿರಿಯಣ್ಣ.

ಪರಿವರ್ತಕದೊಳಗೆ ಚಲಿಸುವ ಭಾಗಗಳಿಲ್ಲ. ಅರೆವಾಹಕದಿಂದಾದ ಸ್ವಿಚ್ಚುಗಳು ಸೆಕೆಂಡಿಗೆ ಸಾವಿರಾರು ಸಲ ತೆರೆದು ಮುಚ್ಚುತ್ತವೆ. ಮುಚ್ಚಿರುವ ಅವಧಿಯನ್ನು ಕ್ರಮವಾಗಿ ಹಿಗ್ಗಿಸಿ ಕುಗ್ಗಿಸಿದರೆ, ಮೋಟಾರಿನ ಸುರುಳಿಗಳಲ್ಲಿ ಪ್ರವಾಹವು ಅಲೆಯಂತೆ ಏರಿಳಿಯುತ್ತದೆ. ಆ ಅಲೆಯ ಆವೃತ್ತಿಯನ್ನು 50 ಹರ್ಟ್ಸ್‌ನಿಂದ 25ಕ್ಕೆ ಇಳಿಸಿದರೆ ಮೋಟಾರಿನ ವೇಗವೂ ಸುಮಾರು ಅರ್ಧವಾಗುವುದು. ಇದಕ್ಕೆ ರೋಧಕವನ್ನೇ ಬಳಸಬಾರದೆ? ಬಳಸಬಹುದು, ಆದರೆ ಶಕ್ತಿಯು ಶಾಖವಾಗಿ ವ್ಯರ್ಥವಾಗುತ್ತದೆ. ಮುಚ್ಚಿದ ಸ್ವಿಚ್ಚಿನಲ್ಲಿ ವೋಲ್ಟೇಜು ಅತ್ಯಲ್ಪ, ತೆರೆದುದರಲ್ಲಿ ಪ್ರವಾಹವೇ ಇಲ್ಲ. ಎರಡರ ಗುಣಲಬ್ಧವಾದ ನಷ್ಟವೂ ಅಲ್ಪವೇ.

ಪ್ರೊಪೆಲ್ಲರಿಗೆ ಬೇಕಾದ ಸಾಮರ್ಥ್ಯವು ಸ್ಥೂಲವಾಗಿ ವೇಗದ ಘನಕ್ಕೆ ಅನುಗುಣವಾಗಿರುತ್ತದೆ. ವೇಗವನ್ನು ಅರ್ಧ ಮಾಡಿದರೆ ಸಾಮರ್ಥ್ಯ ಎಂಟನೆಯ ಒಂದು ಪಾಲು ಸಾಕು. ಪಯಣದ ಕಾಲ ಇಮ್ಮಡಿಯಾದರೂ, ಅದೇ ದೂರಕ್ಕೆ ತಗಲುವ ಶಕ್ತಿ ಕಾಲುಭಾಗ ಮಾತ್ರ!

ಕೇರಳದ ವೈಕಂ ಮತ್ತು ತವನಕ್ಕಡವುಗಳ ನಡುವೆ 2017ರಲ್ಲಿ ಸಂಚಾರಕ್ಕಿಳಿದ 'ಆದಿತ್ಯ' ಎಂಬ 75 ಪ್ರಯಾಣಿಕರ ಸೌರನೌಕೆಯನ್ನು ತೆಗೆದುಕೊಳ್ಳೋಣ. ಅದರ ಛಾವಣಿಯ ಫಲಕಗಳು 20 ಕಿಲೋವಾಟಿನವು. ಲಿಥಿಯಂ ಬ್ಯಾಟರಿಗಳ ತೂಕ ಸುಮಾರು 700 ಕಿಲೋಗ್ರಾಂ, ಅವು ಹಿಡಿದಿಡುವುದು 50 ಕಿಲೋವಾಟ್-ಗಂಟೆ, ಎಂದರೆ ನಮ್ಮ ಮನೆಯ ಮೀಟರಿನ 50 ಯೂನಿಟ್. ಈಗ ಡೀಸೆಲಿನ ಲೆಕ್ಕ. ಒಂದು ಕಿಲೋಗ್ರಾಂ ಡೀಸೆಲು ಉರಿದರೆ ಸುಮಾರು 12 ಯೂನಿಟ್. ಎಂಜಿನ್ನು ಅದರಲ್ಲಿ ಮೂರನೆಯ ಒಂದು ಭಾಗವನ್ನು ಕೆಲಸವಾಗಿಸಿದರೂ 4 ಯೂನಿಟ್. ಹಾಗಾದರೆ 700 ಕಿಲೋಗ್ರಾಂ ಬ್ಯಾಟರಿಗೆ ಹನ್ನೆರಡು-ಹದಿಮೂರು ಕಿಲೋಗ್ರಾಂ ಡೀಸೆಲು ಸರಿಸಾಟಿ! ಇಷ್ಟು ವ್ಯತ್ಯಾಸವಿದ್ದೂ 'ಆದಿತ್ಯ' ನಡೆಯುವುದು ಏಕೆ? ದಾಟಬೇಕಾದುದು ಕೆಲವೇ ಕಿಲೋಮೀಟರು, ವೇಗ ಮಂದ, ದಡ ಪದೇ ಪದೇ ಸಿಗುತ್ತದೆ, ಹಗಲೆಲ್ಲ ಬಿಸಿಲು ತುಂಬಿಕೊಡುತ್ತದೆ. ದಿನಗಟ್ಟಲೆ ದಡ ಕಾಣದ ಸರಕು ಹಡಗಿಗೆ ಈ ಅನುಕೂಲಗಳಿಲ್ಲ.

ಅದಕ್ಕೆ ಮಧ್ಯಮಾರ್ಗವೊಂದುಂಟು, ಅದು ನಮ್ಮ ರಾಜ್ಯದಲ್ಲಿಯೇ ದೊರೆಯುತ್ತದೆ. ಮಲ್ಪೆಯ ಉಡುಪಿ ಕೊಚ್ಚಿನ್ ಶಿಪ್‌ಯಾರ್ಡಿಗೆ 2023ರಲ್ಲಿ ನಾರ್ವೆಯ ವಿಲ್ಸನ್ ಸಂಸ್ಥೆಯಿಂದ ತಲಾ 3,800 ಟನ್ ಭಾರವಾಹಕ ಶಕ್ತಿಯ 6 ಹಡಗುಗಳ ಬೇಡಿಕೆ ಬಂದಿತು. ಅವು ಡೀಸೆಲ್-ವಿದ್ಯುತ್ ಮಾದರಿಯವು. ಈ ಮಾದರಿಯಲ್ಲಿ ಎಂಜಿನ್ನು ಜನರೇಟರನ್ನಷ್ಟೇ ತಿರುಗಿಸುವುದು. ಪ್ರೊಪೆಲ್ಲರನ್ನು ತಿರುಗಿಸುವುದು ವಿದ್ಯುತ್ ಮೋಟಾರು. ಇಂಥ ಹಡಗಿನಲ್ಲಿ ಜನರೇಟರಿನ ಜೊತೆಗೆ ಬ್ಯಾಟರಿಯನ್ನು ಕೂಡಿಸಬೇಕಾದರೆ, ಸ್ಥಳ, ತೂಕ ಮತ್ತು ಬ್ಯಾಟರಿಯ ಪರಿವರ್ತಕ ಇವುಗಳನ್ನು ಹೊಂದಿಸಿಕೊಳ್ಳಬೇಕು. ಮೋಟಾರನ್ನಾಗಲಿ ಪ್ರೊಪೆಲ್ಲರನ್ನಾಗಲಿ ಬದಲಿಸಬೇಕಾಗಿಲ್ಲ.