ಮಲಗಿಸಿದ ಕಂಪ್ಯೂಟರ್ ಬೇಗ ಏಳಬೇಕಾದರೆ

ನವಲಗುಂದ, ಅಣ್ಣಿಗೇರಿ, ಕುಂದಗೋಳ, ಕಲಘಟಗಿ ಕಡೆ ಗ್ರಾಮ ಒನ್ ಕೇಂದ್ರ, ಜೆರಾಕ್ಸ್ ಅಂಗಡಿ ನಡೆಸುವ ಮಕ್ಕಳೇ, ಉತಾರಕ್ಕೆ, ಬೆಳೆ ವಿಮೆಗೆ ರೈತರು ಮುಂಜಾನೆಯೇ ಪಾಳಿ ಹಚ್ಚಿರುತ್ತಾರೆ. ರಾತ್ರಿ ಹೈಬರ್ನೇಟ್ ಮಾಡಿಟ್ಟ ಕಂಪ್ಯೂಟರ್ ಆ ಹೊತ್ತಿಗೆ ಏಳದಿದ್ದರೆ ಅವರ ಒಂದು ದಿನದ ಕೂಲಿ ಹೋಗುತ್ತದೆ. ಹುಬ್ಬಳ್ಳಿಗೆ ಹೊತ್ತೊಯ್ದು ಫಾರ್ಮ್ಯಾಟ್ ಮಾಡಿಸುವ ಮೊದಲು ಇಷ್ಟು ನೋಡಿಕೊಳ್ಳಿ.

• ಪರದೆ ಕಪ್ಪಗಿದ್ದರೂ ಡಿಸ್ಕಿನ ದೀಪ ಮಿನುಗುತ್ತಿದ್ದರೆ ತಡೀರಿ, ಒಳಗೆ ಕೆಲಸ ನಡೆದಿದೆ. ಪವರ್ ಗುಂಡಿ ಒತ್ತಿ ಹಿಡಿದು ಬಂದ್ ಮಾಡಿದರೆ ಸೇವ್ ಆಗದ ಅರ್ಜಿ ಕೈತಪ್ಪುತ್ತದೆ.

• ಹೈಬರ್ನೇಟ್ ಆಗುವಾಗ ಯಂತ್ರವು ರ‍್ಯಾಮಿನಲ್ಲಿದ್ದುದನ್ನು ಸಿ ಡ್ರೈವಿನ ಒಂದು ಕಡತಕ್ಕೆ ಬರೆದು ಪೂರ್ತಿ ಆರುತ್ತದೆ. ಏಳುವಾಗ ಅದನ್ನು ಮರಳಿ ಓದಬೇಕು. ಕಡತ 3 ಜಿಬಿ ಇದ್ದರೆ, ಸೆಕೆಂಡಿಗೆ 100 ಎಂಬಿ ಓದುವ ಹಳೆಯ ಹಾರ್ಡ್ ಡಿಸ್ಕಿಗೆ ಓದಲಿಕ್ಕೇ ಅರ್ಧ ನಿಮಿಷ ಬೇಕು. 500 ಎಂಬಿ ಓದುವ ಎಸ್‌ಎಸ್‌ಡಿಗೆ 6 ಸೆಕೆಂಡು ಸಾಕು. ಅದಕ್ಕೇ ರಾತ್ರಿ ಬಂದ್ ಮಾಡುವ ಮುಂಚೆ ಬೇಡದ ಬ್ರೌಸರ್ ಟ್ಯಾಬುಗಳನ್ನು ಮುಚ್ಚಿರಿ.

• ವಾರಕ್ಕೊಮ್ಮೆಯಾದರೂ ರೀಸ್ಟಾರ್ಟ್ ಮಾಡಿ. ದಿನಾ ಶಟ್‌ಡೌನ್ ಮಾಡುತ್ತೇವಲ್ಲ ಅನ್ನಬೇಡಿ. ವಿಂಡೋಸ್ 8ರಿಂದ ಈಚೆಗೆ ಫಾಸ್ಟ್ ಸ್ಟಾರ್ಟಪ್ ಎಂಬ ವ್ಯವಸ್ಥೆ ಬಂದಿದೆ. ಅದು ಚಾಲೂ ಇದ್ದರೆ ಶಟ್‌ಡೌನ್ ಕೂಡ ಅರ್ಧ ಹೈಬರ್ನೇಟೇ. ಟಾಸ್ಕ್ ಮ್ಯಾನೇಜರಿನ ಪರ್ಫಾರ್ಮೆನ್ಸ್ ಪುಟದಲ್ಲಿ ಅಪ್‌ಟೈಮ್ ನೋಡಿ, ದಿನಗಟ್ಟಲೆ ತೋರಿಸುತ್ತಿರುತ್ತದೆ.

• ರೀಸ್ಟಾರ್ಟ್ ಆದಮೇಲೆ ಚುರುಕಾಗಿ, ಮರುದಿನ ಮತ್ತೆ ಮಂದವಾದರೆ ಫಾಸ್ಟ್ ಸ್ಟಾರ್ಟಪ್ ತೆಗೆದು ನೋಡಿ. ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಪ್ಷನ್ಸ್‌ನಲ್ಲಿ ಪವರ್ ಬಟನ್ನಿನ ಸೆಟ್ಟಿಂಗ್ಸ್‌ಗೆ ಹೋದರೆ ಆ ಗುರುತು ಸಿಗುತ್ತದೆ.

• ಪ್ರಿಂಟರ್, ಸ್ಕ್ಯಾನರ್, ಬೆರಳಚ್ಚು ಯಂತ್ರ, ಪೆನ್ ಡ್ರೈವ್ ಎಲ್ಲ ಕಿತ್ತು ಒಮ್ಮೆ ಹೈಬರ್ನೇಟ್ ಮಾಡಿ ಎಬ್ಬಿಸಿ. ಬೇಗ ಎದ್ದರೆ ಅವನ್ನು ಒಂದೊಂದಾಗಿ ಹಚ್ಚುತ್ತ ಬನ್ನಿ. ತಡ ಮಾಡಿಸುವುದು ಯಾವುದೆಂದು ತಿಳಿದ ಮೇಲೆ ಅದರ ಹೊಸ ಡ್ರೈವರ್ ಹಾಕಿ.

• ಸಿ ಡ್ರೈವ್ ತುಂಬಿ ತುಳುಕಬಾರದು. ಸ್ಕ್ಯಾನ್ ಮಾಡಿದ ಆಧಾರ್, ಪಾಸ್‌ಬುಕ್ ಪ್ರತಿಗಳು ಡೆಸ್ಕ್‌ಟಾಪಿನಲ್ಲಿ ರಾಶಿ ಬಿದ್ದಿರುತ್ತವೆ. ಕೆಲಸ ಮುಗಿದ ಮೇಲೆ ಅಳಿಸಿಬಿಡಿ. ಅವು ಜನರ ಗುಟ್ಟಿನ ಕಾಗದ, ನಮ್ಮ ಬಳಿ ಉಳಿಯಬಾರದು.

• ಸ್ಲೀಪ್‌ಗೆ ಕರೆಂಟ್ ಬೇಕು, ಹೈಬರ್ನೇಟ್‌ಗೆ ಬೇಡ. ಮಳೆಗಾಲದಲ್ಲಿ ಕಲಘಟಗಿ ಕಡೆ ಗುಡುಗು ಕೇಳಿಸಿದರೆ ಹೈಬರ್ನೇಟ್ ಮಾಡಿ, ಯಂತ್ರ ಪೂರ್ತಿ ಆರಿದ ಮೇಲೆ ಪ್ಲಗ್ ಕಿತ್ತಿಡಿ. ಡಿಸ್ಕಿಗೆ ಬರೆಯುತ್ತಿರುವಾಗ ಮಾತ್ರ ಕೀಳಬೇಡಿ. ಡೆಸ್ಕ್‌ಟಾಪ್ ಇದ್ದವರು ಒಂದು ಯುಪಿಎಸ್ ಇಟ್ಟುಕೊಳ್ಳಲೇಬೇಕು.

• ಎರಿ ಹೊಲದ ಧೂಳು ಫ್ಯಾನಿಗೆ ಕೂತರೆ ಯಂತ್ರ ಕಾಯ್ದು ಮಂದವಾಗುತ್ತದೆ. ಬ್ರಷ್ ಆಡಿಸಿ.

• ಇಷ್ಟಾದರೂ ಯಂತ್ರ ಎದ್ದಮೇಲೆ ಟಾಸ್ಕ್ ಮ್ಯಾನೇಜರ್ ಬಹಳ ಹೊತ್ತು ಡಿಸ್ಕ್ 100% ತೋರಿಸುತ್ತಿದ್ದರೆ, ನನ್ನ ಮಾತು ಕೇಳಿ, ರ‍್ಯಾಮಿಗಿಂತ ಮೊದಲು ಎಸ್‌ಎಸ್‌ಡಿ ಹಾಕಿಸಿ. ಹಳೆಯ ಲ್ಯಾಪ್‌ಟಾಪಿಗೆ ಅದಕ್ಕಿಂತ ಒಳ್ಳೆಯ ಖರ್ಚಿಲ್ಲ. ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಉಚಿತ ಸಾಫ್ಟ್‌ವೇರ್ ಹಳೆಯ ಡಿಸ್ಕಿನ ಆರೋಗ್ಯ ಹೇಳುತ್ತದೆ. ಅದು ಕಾಷನ್ ಎಂದು ತೋರಿಸಿದರೆ, ಅಥವಾ ಡಿಸ್ಕಿನಿಂದ ಟಕ್ ಟಕ್ ಸದ್ದು ಬಂದರೆ, ಅಂದೇ ಲೆಕ್ಕಪತ್ರ, ಫೋಟೋ, ನುಡಿ ಕಡತಗಳನ್ನು ಬೇರೆ ಡಿಸ್ಕಿಗೆ ನಕಲು ಮಾಡಿಟ್ಟುಕೊಳ್ಳಿ.