ಹಳೆಯ ಗೀಸರ್

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ ನಗರ. ಇಲ್ಲಿಯ ಸಾಮಾನ್ಯ ಕುಟುಂಬಗಳಿಗೆ ಸ್ನಾನದ ನೀರನ್ನು ಕಾಯಿಸಲು ಗೀಸರ್, ಬೇಸಗೆಯ ಸೆಕೆಗೆ ಫ್ಯಾನ್ ಇದ್ದರೆ ಸಾಕು. ಇವು ಹಳೆಯವಾದಾಗ ದುರಸ್ತಿ ಮಾಡಿಸಬೇಕೆ, ಬದಲಿಸಬೇಕೆ ಎಂಬ ಪ್ರಶ್ನೆ ಏಳುತ್ತದೆ.

ಮಾಗಡಿ ರಸ್ತೆಯ ಬದಿಯ ಕಾಮಾಕ್ಷಿಪಾಳ್ಯವು ಸಣ್ಣ ಕಾರ್ಖಾನೆಗಳ ಬಡಾವಣೆ. ಅಲ್ಲಿಯ ಲೇತ್ ಕೆಲಸಗಾರರೊಬ್ಬರ ಮನೆಯಲ್ಲಿ ಒಂದು ಮುಂಜಾನೆ ಗೀಸರಿನ ನೀರು ಬಿಸಿಯಾಗಲಿಲ್ಲ.

“ಅಪ್ಪಾ, ಇದಕ್ಕೂ ನನಗೂ ಒಂದೇ ವಯಸ್ಸು. ಹೊಸದನ್ನು ತರೋಣ” ಎಂದಳು ಒಂಬತ್ತನೆಯ ತರಗತಿಯ ಮಗಳು.

“ವಯಸ್ಸನ್ನಲ್ಲಮ್ಮಾ, ಕೆಟ್ಟಿರುವುದು ಯಾವುದೆಂದು ನೋಡಬೇಕು. ಬೇರಿಂಗ್ ಸವೆದರೆ ಲೇತನ್ನೇ ಎಸೆಯುತ್ತೇವೆಯೆ?” ಎಂದರು ತಂದೆ.

ಎಲೆಕ್ಟ್ರಿಷಿಯನ್ ಬಂದು ಬಿಚ್ಚಿದಾಗ ಕಾಯಿಲಿನ ಮೇಲೆ ಬಿಳಿಯ ಗಟ್ಟಿ ಪದರ ಕಂಡಿತು. ಕೊಳವೆಬಾವಿಯ ಗಡಸು ನೀರು ಕಾದಾಗ ಅದರಲ್ಲಿರುವ ಸುಣ್ಣದ ಅಂಶ ಹೀಗೆ ಕೂಡುತ್ತದೆ. ಈ ಪದರವು ಶಾಖವನ್ನು ನೀರಿಗೆ ಸರಾಗವಾಗಿ ಬಿಡುವುದಿಲ್ಲ. ಕಾಯಿಲ್ ಅತಿಯಾಗಿ ಕಾದು ಸುಟ್ಟುಹೋಗುತ್ತದೆ. ಕಾಯಿಲನ್ನು ಬದಲಿಸುವುದು ದೊಡ್ಡ ಖರ್ಚಲ್ಲ. ತಂದೆಗೆ ಸಮಾಧಾನವಾಯಿತು.

ಆದರೆ ತೊಟ್ಟಿಯ ತಳದಲ್ಲಿ ನೀರು ಜಿನುಗುತ್ತಿತ್ತು. ಉಕ್ಕಿನ ತೊಟ್ಟಿಗೆ ತುಕ್ಕು ಹಿಡಿಯದಿರಲೆಂದು ಒಳಗೆ ಮೆಗ್ನೀಸಿಯಮ್ ಕಡ್ಡಿಯೊಂದನ್ನು ಇಟ್ಟಿರುತ್ತಾರೆ. ತೊಟ್ಟಿಯ ಬದಲಿಗೆ ಅದು ತಾನೇ ಸವೆಯುತ್ತದೆ. ಆ ಕಡ್ಡಿ ಪೂರ್ತಿ ಕರಗಿದ್ದರೂ ಯಾರೂ ಗಮನಿಸಿರಲಿಲ್ಲ. ಜಿನುಗುವ ನೀರು ವಿದ್ಯುತ್ ತಂತಿಗೆ ತಗುಲಿ, ಅರ್ತಿಂಗ್ ಸರಿಯಿಲ್ಲದಿದ್ದರೆ, ಸ್ನಾನಕ್ಕೆ ಹೋದವರ ಪ್ರಾಣಕ್ಕೇ ಅಪಾಯ.

“ಬೆಡ್ಡೇ ಬಿರಿದ ಲೇತಿಗೆ ಹೊಸ ಬೇರಿಂಗ್ ಹಾಕಿ ಫಲವಿಲ್ಲ” ಎಂದು ತಂದೆ ಹೊಸ ಗೀಸರಿಗೆ ಒಪ್ಪಿದರು. ಅರ್ತಿಂಗನ್ನೂ ಪರೀಕ್ಷಿಸಲು ಹೇಳಿದರು.

ಮಗಳ ದೃಷ್ಟಿ ಫ್ಯಾನುಗಳತ್ತ ಹೊರಳಿತು. 75 ವಾಟ್‌ನ ಹಳೆಯ ಫ್ಯಾನ್ ದಿನಕ್ಕೆ 10 ಗಂಟೆಯಂತೆ 200 ದಿನ ತಿರುಗಿದರೆ 150 ಯೂನಿಟ್ ವಿದ್ಯುತ್ ಬೇಕು; 30 ವಾಟ್‌ನ ಹೊಸ ಬಗೆಯ ಫ್ಯಾನಿಗೆ 60 ಯೂನಿಟ್ ಸಾಕು. ಹಗಲಿರುಳು ತಿರುಗುವ ನಡುಮನೆಯ ಫ್ಯಾನನ್ನು ಬದಲಿಸಿದರೆ ಲಾಭವುಂಟು. ಅಪರೂಪಕ್ಕೆ ತಿರುಗುವ ಕೋಣೆಯ ಫ್ಯಾನಿಗೆ ಹೊಸ ಕೆಪಾಸಿಟರ್ ಹಾಕಿದರೇ ಸಾಕೆಂದು ಅವಳೇ ತೀರ್ಮಾನಿಸಿದಳು. ಕೊಳ್ಳುವಾಗ ನೋಡಬೇಕಾದ ನಕ್ಷತ್ರ ಗುರುತಿನ ಪಟ್ಟಿ ನಮ್ಮ ದೇಶದಲ್ಲಿ 2006ರಲ್ಲಿ ಆರಂಭವಾಯಿತು. ನಕ್ಷತ್ರಗಳು ಹೆಚ್ಚಿದಷ್ಟೂ ವಿದ್ಯುತ್ತಿನ ಉಳಿತಾಯ ಹೆಚ್ಚು.

ಮೊದಲು ಸುರಕ್ಷತೆ, ಬಳಿಕ ದೋಷದ ಸ್ವರೂಪ, ಕೊನೆಗೆ ಬಳಕೆಯ ಲೆಕ್ಕ. ಈ ಕ್ರಮವನ್ನು ಅರಿತವರು ಹಳೆಯದೆಂದು ಉಪಯುಕ್ತ ವಸ್ತುವನ್ನು ಎಸೆಯುವುದಿಲ್ಲ; ಉಳಿತಾಯವೆಂದು ಅಪಾಯವನ್ನು ಮನೆಯಲ್ಲಿ ಇಟ್ಟುಕೊಳ್ಳುವುದೂ ಇಲ್ಲ.