ಸಮೂಹವಾಚಕ ನಾಮಪದ ಮತ್ತು ಕ್ರಿಯಾಪದದ ಅನ್ವಯ: ಇಂಗ್ಲಿಷ್-ಕನ್ನಡ ತೌಲನಿಕ ನೋಟ

ಕರ್ತೃಪದದ ವಚನವನ್ನು ಕ್ರಿಯಾಪದ ಅನುಸರಿಸಬೇಕೆಂಬುದು ಇಂಗ್ಲಿಷ್ ವ್ಯಾಕರಣದ ಮೊದಲ ಪಾಠಗಳಲ್ಲೊಂದು. ಕಮಿಟಿ, ಟೀಮ್, ಫ್ಯಾಮಿಲಿ ಮೊದಲಾದ ಸಮೂಹವಾಚಕಗಳು ಈ ನಿಯಮವನ್ನು ಸಡಿಲಗೊಳಿಸುತ್ತವೆ. ಸಮೂಹವನ್ನು ಒಂದೇ ಘಟಕವೆಂದು ಭಾವಿಸಿದಾಗ ‘ದಿ ಕಮಿಟಿ ಹ್ಯಾಸ್ ಡಿಸೈಡೆಡ್’ ಎಂದೂ, ಸದಸ್ಯರನ್ನು ಬಿಡಿಬಿಡಿಯಾಗಿ ಭಾವಿಸಿದಾಗ ‘ದಿ ಕಮಿಟಿ ಆರ್ ಡಿವೈಡೆಡ್’ ಎಂದೂ ಬ್ರಿಟಿಷ್ ಇಂಗ್ಲಿಷಿನಲ್ಲಿ ಪ್ರಯೋಗವಿದೆ. ಅಮೆರಿಕನ್ ಇಂಗ್ಲಿಷ್ ಬಹುಮಟ್ಟಿಗೆ ಏಕವಚನವನ್ನೇ ಬಳಸುತ್ತದೆ. 1985ರಲ್ಲಿ ಪ್ರಕಟವಾದ ರಾಂಡಲ್ಫ್ ಕ್ವರ್ಕ್ ಮತ್ತು ಸಂಗಡಿಗರ ಬೃಹತ್ ವ್ಯಾಕರಣವು ಈ ಬಹುವಚನವನ್ನು ದೋಷವೆನ್ನದೆ ಅರ್ಥಾನುಸಾರಿ ಅನ್ವಯವೆಂದು ವಿವರಿಸುತ್ತದೆ. ಗಮನಿಸಬೇಕಾದ ಅಂಶವೆಂದರೆ, ಕ್ರಿಯಾಪದ ಬಹುವಚನದಲ್ಲಿದ್ದರೂ ‘ದಿಸ್ ಕಮಿಟಿ’ ಎಂದೇ ಹೊರತು ‘ದೀಸ್ ಕಮಿಟಿ’ ಎಂದಾಗದು. ನಾಮಪದದ ರೂಪ ಏಕವಚನದಲ್ಲಿಯೇ ಉಳಿದು, ಕ್ರಿಯಾಪದ ಮಾತ್ರ ಅರ್ಥವನ್ನು ಹಿಂಬಾಲಿಸುತ್ತದೆ.

ಕನ್ನಡದಲ್ಲಿ ಈ ಸ್ವಾತಂತ್ರ್ಯವಿಲ್ಲ. ‘ಸಮಿತಿ ತೀರ್ಮಾನಿಸಿತು’ ಎಂಬುದು ಸಾಧು. ‘ಸಮಿತಿ ತೀರ್ಮಾನಿಸಿದರು’ ಎಂಬುದು ಶಿಷ್ಟ ಬರವಣಿಗೆಯಲ್ಲಿ ಅಸಾಧು. ಕಾರಣ ಕ್ರಿಯಾಪದದ ರಚನೆಯಲ್ಲಿದೆ. ಇಂಗ್ಲಿಷಿನ ‘ಹ್ಯಾವ್’, ‘ಆರ್’ ಎಂಬ ರೂಪಗಳು ಲಿಂಗವನ್ನು ಸೂಚಿಸುವುದಿಲ್ಲ. ಕನ್ನಡದ ಆಖ್ಯಾತ ಪ್ರತ್ಯಯದಲ್ಲಿ ವಚನ ಮತ್ತು ಲಿಂಗ ಒಂದಾಗಿ ಬೆಸೆದಿವೆ. ‘ಬಂದರು’ ಎಂದರೆ ಮನುಷ್ಯರು, ‘ಬಂದವು’ ಎಂದರೆ ಮನುಷ್ಯೇತರ. ನಪುಂಸಕಲಿಂಗದ ‘ಸಮಿತಿ’ಗೆ ಬಹುವಚನ ನೀಡಹೊರಟರೆ ಲಿಂಗವನ್ನೂ ಬದಲಿಸಬೇಕಾಗುತ್ತದೆ.

ಹಾಗೆಂದು ಸದಸ್ಯರನ್ನು ಸೂಚಿಸಲು ಕನ್ನಡಕ್ಕೆ ಮಾರ್ಗವಿಲ್ಲವೆಂದಲ್ಲ. ‘ಸಮಿತಿಯವರು’, ‘ಮನೆಯವರು’, ‘ಸರ್ಕಾರದವರು’ ಎಂಬ ರೂಪಗಳು ಆ ಕಾರ್ಯವನ್ನೇ ಮಾಡುತ್ತವೆ. ಇಂಗ್ಲಿಷ್ ಕ್ರಿಯಾಪದದಲ್ಲಿ ತೋರುವ ಅರ್ಥಭೇದವನ್ನು ಕನ್ನಡ ನಾಮಪದದಲ್ಲಿಯೇ ನಿರ್ಣಯಿಸುತ್ತದೆ. ‘ಜನ’, ‘ಮಂದಿ’ ಎಂಬ ಪದಗಳು ಇದಕ್ಕೆ ಅಪವಾದ; ‘ಜನ ಬಂದರು’ ಎಂಬಲ್ಲಿ ಬಹುವಚನ ಪ್ರತ್ಯಯವಿಲ್ಲದೆಯೇ ಮಾನುಷ ಬಹುವಚನದ ಕ್ರಿಯಾಪದ ಬರುತ್ತದೆ. ಎರವಲು ಪದಗಳಲ್ಲಿಯೂ ಕನ್ನಡ ತನ್ನ ಕ್ರಮವನ್ನು ಬಿಟ್ಟುಕೊಟ್ಟಿಲ್ಲ. ಇಂಗ್ಲಿಷಿನಲ್ಲಿ ಸಾಮಾನ್ಯವಾಗಿ ಬಹುವಚನದ ಕ್ರಿಯಾಪದವನ್ನು ಪಡೆಯುವ ‘ಪೊಲೀಸ್’ ಕನ್ನಡದಲ್ಲಿ ‘ಒಬ್ಬ ಪೊಲೀಸ್’ ಎಂದು ವ್ಯಕ್ತಿವಾಚಿಯಾಗಿ, ‘ಪೊಲೀಸರು’ ಎಂದು ಬಹುವಚನವನ್ನೂ ಪಡೆದಿದೆ.

ಅನುವಾದದಲ್ಲಿ ಈ ಭೇದ ಮುಖ್ಯವಾಗುತ್ತದೆ. ‘ದಿ ಕಮಿಟಿ ಆರ್ ಡಿವೈಡೆಡ್’ ಎಂಬುದನ್ನು ‘ಸಮಿತಿ ಒಡೆದಿದೆ’ ಎಂದರೆ ಸಂಸ್ಥೆಯೇ ಇಬ್ಭಾಗವಾದ ಅರ್ಥ ಬಂದೀತು. ‘ಸಮಿತಿಯವರಲ್ಲಿ ಒಮ್ಮತವಿಲ್ಲ’ ಎಂದರೆ ಮೂಲದ ಆಶಯ ಉಳಿಯುತ್ತದೆ. ಬೋಧನೆಯಲ್ಲಿಯೂ ಅಷ್ಟೆ. ‘ಕಮಿಟಿ ಆರ್’ ಎಂದು ಬರೆದ ಕನ್ನಡ ವಿದ್ಯಾರ್ಥಿಯನ್ನು ತಪ್ಪೆಂದು ತಿದ್ದುವ ಮೊದಲು ಆ ವಾಕ್ಯದ ವಿವಕ್ಷೆಯನ್ನು ಪರಿಶೀಲಿಸುವುದು ಯುಕ್ತ. ಒಟ್ಟಿನಲ್ಲಿ, ಸಮೂಹವನ್ನು ಒಂದೆಂದೂ ಹಲವೆಂದೂ ಕಾಣುವ ದೃಷ್ಟಿ ಎರಡೂ ಭಾಷೆಗಳಿಗೆ ಸಮಾನ; ಅದನ್ನು ಸೂಚಿಸುವ ಸ್ಥಾನ ಮಾತ್ರ ಭಿನ್ನ.